ಮೂತ್ರಕೋಶದ ಕ್ಯಾನ್ಸರ್: ಜೀನ್ ರಿಪೋರ್ಟ್ ಕೈಗೆ ಬಂದಾಗ ಓದುವುದು ಹೇಗೆ

ಮೂತ್ರಕೋಶದ ಗಡ್ಡೆಯ ಜೀನ್ ರಿಪೋರ್ಟ್ ಕೈಗೆ ಬಂತಾ? ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಅದಕ್ಕಿಂತ ಮುಂಚೆ ಬಂದ ಬಯಾಪ್ಸಿ ರಿಪೋರ್ಟ್ ಫೈಲಿನಲ್ಲೇ ಇರುತ್ತದೆ, ಅದನ್ನು ತೆಗೆಯಿರಿ. ಜೀನ್ ರಿಪೋರ್ಟ್ ಹತ್ತಾರು ಪುಟ ಇರಬಹುದು. ಆದರೆ ಅದರ ಅರ್ಥ ಗೊತ್ತಾಗುವುದು ಬಯಾಪ್ಸಿಯ ಆ ಒಂದೆರಡು ಪುಟದಿಂದಲೇ.

ನಾನು ಮೈಸೂರಿನಲ್ಲಿ ಪೆಥಾಲಜಿಸ್ಟ್. ಆಪರೇಷನ್ ಥಿಯೇಟರಿನಿಂದ ಬರುವ ಚೂರುಗಳನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ ಏನಿದೆ ಅಂತ ಬರೆಯುವುದು ನನ್ನ ಕೆಲಸ. ರೋಗಿಗಳು ನಮ್ಮನ್ನು ನೋಡುವುದು ಕಡಿಮೆ. ಈಚೆಗೆ ಮನೆಯವರು ರಿಪೋರ್ಟ್ ಹಿಡಿದು ನೇರ ಲ್ಯಾಬಿಗೇ ಬರುತ್ತಾರೆ. ಹುಣಸೂರು ಕಡೆಯ ಒಬ್ಬ ಹುಡುಗ ಮೊಬೈಲ್ ಮುಂದೆ ಹಿಡಿದು ಕೇಳಿದ: "ಮೇಡಂ, ನಮ್ಮಪ್ಪಂಗೆ ಟಿಪಿ53 ಕೆಟ್ಟೋಗಿದೆಯಂತೆ. ಇನ್ನು ಏನೂ ಮಾಡಕ್ಕಾಗಲ್ವಾ? ನಂಗೂ ಬರುತ್ತಾ?" ಎರಡೂ ಒಳ್ಳೆಯ ಪ್ರಶ್ನೆ. ಆದರೆ ಅಪ್ಪನ ಗಡ್ಡೆ ಎಷ್ಟು ಆಳಕ್ಕೆ ಇಳಿದಿದೆ ಅನ್ನುವುದು ಅವನಿಗೆ ಗೊತ್ತಿರಲಿಲ್ಲ. ಯಾರೂ ಹೇಳಿರಲಿಲ್ಲ, ಅವನೂ ಕೇಳಿರಲಿಲ್ಲ. ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ.

ಮೊದಲು ಬಯಾಪ್ಸಿಯಲ್ಲಿ ಮೂರು ವಿಷಯ ಹುಡುಕಿ

ಟಿಯುಆರ್‌ಬಿಟಿ ಅಂದರೆ ಮೂತ್ರನಾಳದ ಮೂಲಕ ದುರ್ಬೀನು ಹಾಕಿ ಗಡ್ಡೆಯನ್ನು ಕೆರೆದು ತೆಗೆಯುವುದು. ಆ ಚೂರುಗಳ ರಿಪೋರ್ಟಿನಲ್ಲಿ ಮೊದಲು ಗ್ರೇಡ್ ನೋಡಿ. ಕೋಶಗಳು ಎಷ್ಟು ಕೆಟ್ಟದಾಗಿ ಕಾಣುತ್ತಿವೆ ಅನ್ನುವ ಲೆಕ್ಕ ಅದು, ಲೋ ಗ್ರೇಡ್ ಅಥವಾ ಹೈ ಗ್ರೇಡ್ ಅಂತ ಇರುತ್ತದೆ. ಆಮೇಲೆ ಆಳ. ಟಿಎ ಅಂದರೆ ಗಡ್ಡೆ ಒಳಪದರದ ಮೇಲಷ್ಟೇ ಇದೆ. ಟಿ1 ಅಂದರೆ ಅದರ ಕೆಳಗಿನ ಪದರಕ್ಕೆ ಇಳಿದಿದೆ. ಟಿ2 ಅಂದರೆ ಸ್ನಾಯುವಿಗೆ ಹೋಗಿದೆ. ಸಿಐಎಸ್ ಅಂತ ಇದ್ದರೆ, ಚಪ್ಪಟೆಯಾಗಿ ಹರಡುವ ಹೈ ಗ್ರೇಡ್ ಕ್ಯಾನ್ಸರ್. ಆಳಕ್ಕೆ ಇಳಿದಿಲ್ಲ ಅಂತ ಅದನ್ನು ಹಗುರ ಮಾಡುವ ಹಾಗಿಲ್ಲ.

ಮೂರನೆಯದನ್ನು ಜನ ಓದುವುದೇ ಇಲ್ಲ: ಚೂರಿನಲ್ಲಿ ಸ್ನಾಯು ಇತ್ತಾ? ಮಸ್ಕ್ಯುಲಾರಿಸ್ ಪ್ರೊಪ್ರಿಯಾ ಅಥವಾ ಡೆಟ್ರೂಸರ್ ಮಸಲ್ ಅಂತ ಬರೆದಿರುತ್ತೇವೆ. ಇದೆ, ಅದರಲ್ಲಿ ಗಡ್ಡೆ ಇಲ್ಲ ಅಂದರೆ ಒಳ್ಳೆಯ ಸುದ್ದಿ. ಸ್ನಾಯುವೇ ಬಂದಿಲ್ಲ ಅಂದರೆ ಗಡ್ಡೆ ಅಲ್ಲಿಗೆ ಇಳಿದಿದೆಯೋ ಇಲ್ಲವೋ ನನಗೆ ಹೇಳಲು ಸಾಧ್ಯವೇ ಇಲ್ಲ. ಇಂಥ ಕಡೆ, ಮತ್ತೆ ಟಿ1 ಇದ್ದಾಗ, ಸಾಮಾನ್ಯವಾಗಿ 2ರಿಂದ 6 ವಾರದೊಳಗೆ ಇನ್ನೊಮ್ಮೆ ಕೆರೆದು ನೋಡುತ್ತಾರೆ. ಅದನ್ನು ಮಾಡದೆ ಜೀನ್ ಟೆಸ್ಟಿಗೆ ದುಡ್ಡು ಸುರಿದವರನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಆ ಹುಡುಗನ ಅಪ್ಪನ ರಿಪೋರ್ಟಿನಲ್ಲೂ ಇದ್ದದ್ದು ಅದೇ: ಹೈ ಗ್ರೇಡ್, ಟಿ1, ಸ್ನಾಯು ಇಲ್ಲ. ಮೊದಲು ಯುರಾಲಜಿಸ್ಟ್ ಹತ್ತಿರ ವಾಪಸ್ ಹೋಗಿ ಇದನ್ನೇ ಕೇಳಪ್ಪಾ ಅಂದೆ.

ಪತ್ತೆಯಾಗುವ ಹೊತ್ತಿಗೆ ನಾಲ್ಕರಲ್ಲಿ ಮೂರು ಪಾಲು ಗಡ್ಡೆಗಳು ಸ್ನಾಯುವಿಗೆ ಇಳಿದಿರುವುದಿಲ್ಲ. ಈ ಮಾತು ನೆನಪಿಟ್ಟುಕೊಂಡು ಮುಂದೆ ಓದಿ.

ತಡೆ ಜೀನ್ ಅಂದರೇನು

ಕೋಶ ಒಂದು ಎರಡಾಗುವುದಕ್ಕೆ ಮುಂಚೆ ಹಲವು ಕಡೆ ತಪಾಸಣೆ ಇದೆ. ಡಿಎನ್‌ಎ ಸರಿ ಇದೆಯಾ, ಈಗ ಒಡೆಯುವ ಅಗತ್ಯ ಇದೆಯಾ ಅಂತ. ಆ ತಪಾಸಣೆ ನಡೆಸುವ ಪ್ರೋಟೀನುಗಳನ್ನು ಮಾಡಿಸುವುದೇ ಟ್ಯೂಮರ್ ಸಪ್ರೆಸರ್ ಜೀನ್‌ಗಳು. ಇಲ್ಲಿ ತಡೆ ಜೀನ್ ಅಂತ ಕರೆಯುತ್ತೇನೆ. ಇವು ಕೆಟ್ಟರೆ ಕೋಶಕ್ಕೆ ಹೊಸ ಶಕ್ತಿ ಏನೂ ಬರುವುದಿಲ್ಲ. ಇದ್ದ ತಡೆ ಹೋಗುತ್ತದೆ, ಅಷ್ಟೇ.

ಹೆಚ್ಚಿನ ಜೀನ್‌ಗಳು ನಮ್ಮಲ್ಲಿ ಎರಡೆರಡು ಪ್ರತಿ ಇರುತ್ತವೆ. ಅಮ್ಮನಿಂದ ಒಂದು, ಅಪ್ಪನಿಂದ ಒಂದು. ಬಾಗಿಲಿಗೆ ಮೇಲೊಂದು ಕೆಳಗೊಂದು ಚಿಲಕ ಇದ್ದ ಹಾಗೆ. ಒಂದು ಮುರಿದರೂ ಬಾಗಿಲು ನಿಂತಿರುತ್ತದೆ. ಎರಡೂ ಹೋದರೆ ತೆರೆದುಕೊಳ್ಳುತ್ತದೆ. ಅಮೆರಿಕದ ಆಲ್‌ಫ್ರೆಡ್ ನುಡ್ಸನ್ 1971ರಲ್ಲಿ ಮಕ್ಕಳ ಕಣ್ಣಿನ ಕ್ಯಾನ್ಸರ್ ರೆಟಿನೋಬ್ಲಾಸ್ಟೋಮಾದ 48 ಪ್ರಕರಣಗಳ ಲೆಕ್ಕ ಹಾಕಿ, ಎರಡು ಪೆಟ್ಟು ಬಿದ್ದರೆ ಈ ರೋಗ ಅಂತ ವಾದಿಸಿದರು. ಆ ಜೀನ್ ಕೈಗೆ ಸಿಕ್ಕಿದ್ದು 1986ರಲ್ಲಿ. ಅದೇ ಆರ್‌ಬಿ1. ನಿಮ್ಮ ಮೂತ್ರಕೋಶದ ರಿಪೋರ್ಟಿನಲ್ಲಿ ಕಾಣುವುದೂ ಅದೇ ಜೀನ್.

ಪೆಟ್ಟು ಬೀಳುವುದು ಎಲ್ಲಿಂದ? ಬಹುಪಾಲು ಹೊಗೆಯಿಂದ. ಬೀಡಿ, ಸಿಗರೇಟಿನ ಹೊಗೆಯಲ್ಲಿ ಆರೋಮ್ಯಾಟಿಕ್ ಅಮೀನ್ ಅನ್ನುವ ರಾಸಾಯನಿಕಗಳಿವೆ. ಶ್ವಾಸಕೋಶದಿಂದ ರಕ್ತಕ್ಕೆ, ಅಲ್ಲಿಂದ ಕಿಡ್ನಿಗೆ, ಕಿಡ್ನಿಯಿಂದ ಮೂತ್ರಕ್ಕೆ ಬರುತ್ತವೆ. ಮೂತ್ರ ಗಂಟೆಗಟ್ಟಲೆ ಒಳಪದರಕ್ಕೆ ತಾಗಿಕೊಂಡೇ ನಿಂತಿರುತ್ತದೆ ಅಲ್ವಾ, ಅಷ್ಟು ಹೊತ್ತೂ ಆ ಕೋಶಗಳ ಡಿಎನ್‌ಎಗೆ ಏಟು. ಇದೇ ಗುಂಪಿನ ರಾಸಾಯನಿಕಗಳನ್ನು ಬಣ್ಣದ ಕಾರ್ಖಾನೆಯಲ್ಲಿ ಮುಟ್ಟುತ್ತಿದ್ದವರಲ್ಲಿ ಮೂತ್ರಕೋಶದ ಗಡ್ಡೆ ಬರುತ್ತದೆ ಅಂತ ಜರ್ಮನಿಯ ಸರ್ಜನ್ ಲುಡ್ವಿಗ್ ರೇನ್ 1895ರಲ್ಲೇ ಹೇಳಿದ್ದರು. ಏಟು ಒಂದೇ ಜಾಗಕ್ಕೆ ಬೀಳುವುದಿಲ್ಲ, ಇಡೀ ಒಳಪದರಕ್ಕೆ ಬೀಳುತ್ತದೆ. ಒಂದು ಗಡ್ಡೆ ತೆಗೆದರೂ ಇನ್ನೊಂದು ಕಡೆ ಮತ್ತೆ ಬರುವುದಕ್ಕೆ ಇದೂ ಕಾರಣ.

ಜೀನ್ ರಿಪೋರ್ಟಿನಲ್ಲಿ ಯಾವ ಹೆಸರು ನೋಡಬೇಕು

ಟಿಪಿ53. ಎಲ್ಲರ ಕಣ್ಣಿಗೂ ಮೊದಲು ಬೀಳುವುದು ಇದೇ. ಇದು ಮಾಡಿಸುವ ಪಿ53 ಪ್ರೋಟೀನ್, ಡಿಎನ್‌ಎ ಕೆಟ್ಟಿದ್ದರೆ ಕೋಶ ಒಡೆಯದಂತೆ ನಿಲ್ಲಿಸುತ್ತದೆ. ರಿಪೇರಿ ಆಗದಿದ್ದರೆ ಆ ಕೋಶವನ್ನೇ ಸಾಯಿಸುತ್ತದೆ. 1979ರಲ್ಲಿ ಕಂಡಾಗ ಇದು ಕ್ಯಾನ್ಸರ್ ಬೆಳೆಸುವ ಪ್ರೋಟೀನ್ ಅಂತಲೇ ಹತ್ತು ವರ್ಷ ನಂಬಿದ್ದರು. ತಡೆಯುವ ಜೀನ್ ಅಂತ ಖಚಿತವಾಗಿದ್ದು 1989ರಲ್ಲಿ. ಅಮೆರಿಕದ ಟಿಸಿಜಿಎ ಯೋಜನೆ 2017ರಲ್ಲಿ ಸ್ನಾಯುವಿಗೆ ಇಳಿದ 412 ಗಡ್ಡೆಗಳ ಜೀನ್ ಓದಿ ಪ್ರಕಟಿಸಿತು. ಅದರಲ್ಲಿ ಶೇ. 48ರಲ್ಲಿ ಟಿಪಿ53 ಕೆಟ್ಟಿತ್ತು. ಅಂದರೆ ಈ ಹಂತದ ರೋಗಿಗಳಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಜನರಿಗೆ. ನಿಮ್ಮ ಅಪ್ಪನಿಗೆ ಮಾತ್ರ ಬಂದ ಶಾಪ ಅಲ್ಲ ಇದು.

ಲ್ಯಾಬಿನಲ್ಲಿ ಇದನ್ನು ಬಣ್ಣ ಹಾಕಿಯೂ ನೋಡುತ್ತೇವೆ. ಪಿ53 ಇರುವ ಕಡೆ ಕಂದು ಬಣ್ಣ ಹತ್ತುತ್ತದೆ. ಚೆನ್ನಾಗಿರುವ ಒಳಪದರದಲ್ಲಿ ಅಲ್ಲೊಂದು ಇಲ್ಲೊಂದು ನ್ಯೂಕ್ಲಿಯಸ್ ಮಾತ್ರ ಕಂದು, ಒಂದು ಗಾಢ, ಇನ್ನೊಂದು ತೆಳು. ಜೀನಿನಲ್ಲಿ ಒಂದು ಅಕ್ಷರ ಬದಲಾಗಿ ಕೆಟ್ಟ ಪ್ರೋಟೀನ್ ತಯಾರಾಗುತ್ತಿದ್ದರೆ ಅದು ಕರಗದೆ ಒಳಗೇ ಕೂಡಿಕೊಳ್ಳುತ್ತದೆ. ಆಗ ಗಡ್ಡೆಯ ಪ್ರತಿ ನ್ಯೂಕ್ಲಿಯಸ್ಸೂ ಕಡು ಕಂದಾಗಿ ಕಾಣುತ್ತದೆ. ಕೆಲವು ಸಲ ಉಲ್ಟಾ. ಗಡ್ಡೆಯಲ್ಲಿ ಒಂದು ಚುಕ್ಕಿ ಬಣ್ಣವೂ ಇಲ್ಲ, ಪಕ್ಕದ ರಕ್ತನಾಳದ ಕೋಶಗಳಲ್ಲಿ ಮಾತ್ರ ತೆಳು ಕಂದು. ಪ್ರೋಟೀನೇ ತಯಾರಾಗುತ್ತಿಲ್ಲ ಅಂತ ಅರ್ಥ. ರಿಪೋರ್ಟಿನಲ್ಲಿ ಪಿ53 ನೆಗೆಟಿವ್ ಅಂತ ಕಂಡ ತಕ್ಷಣ ಸಮಾಧಾನ ಪಟ್ಟುಕೊಳ್ಳಬೇಡಿ. ನಲ್ ಪ್ಯಾಟರ್ನ್ ಅಂತ ಇದ್ದರೆ ಅದೂ ಕೆಟ್ಟ ಜೀನಿನ ಲಕ್ಷಣವೇ. ಅನುಮಾನ ಇದ್ದರೆ ಬರೆದವರನ್ನೇ ಕೇಳಿ: ವೈಲ್ಡ್ ಟೈಪಾ (ಜೀನ್ ಸರಿ ಇದೆಯಾ), ಮ್ಯುಟೆಂಟಾ (ಕೆಟ್ಟಿದೆಯಾ)?

ಸಿಡಿಕೆಎನ್2ಎ. ಹೆಸರು ಬಾಯಲ್ಲಿ ನಿಲ್ಲುವುದಿಲ್ಲ, ಆದರೆ ಮೂತ್ರಕೋಶದ ಮಟ್ಟಿಗೆ ನನಗೆ ಅತಿ ಮುಖ್ಯ ಅನಿಸುವ ಜಾಗ ಇದೇ. ಒಂಬತ್ತನೇ ಕ್ರೋಮೋಸೋಮಿನಲ್ಲಿ 9ಪಿ21 ಅನ್ನುವ ಕಡೆ ಇದೆ. ಅರ್ಧಕ್ಕಿಂತ ಜಾಸ್ತಿ ಮೂತ್ರಕೋಶದ ಗಡ್ಡೆಗಳಲ್ಲಿ ಒಂಬತ್ತನೇ ಕ್ರೋಮೋಸೋಮಿನ ಒಂದಿಷ್ಟು ಭಾಗ ಕಳೆದುಹೋಗಿರುತ್ತದೆ, ಲೋ ಗ್ರೇಡ್ ಇರಲಿ ಹೈ ಗ್ರೇಡ್ ಇರಲಿ. ಈ ಒಂದು ಜೀನಿನಿಂದ ಎರಡು ಪ್ರೋಟೀನ್ ಬರುತ್ತವೆ. ಪಿ16 ಅನ್ನುವುದು, ಆರ್‌ಬಿ1 ಜೀನ್ ಮಾಡಿಸುವ ಆರ್‌ಬಿ ಪ್ರೋಟೀನಿನ ತಡೆ ಸಡಿಲವಾಗದಂತೆ ನೋಡಿಕೊಳ್ಳುತ್ತದೆ. ಪಿ14 ಅನ್ನುವುದು ಪಿ53ಯನ್ನು ಕರಗಿಸಲು ಬರುವ ಎಂಡಿಎಂ2ವನ್ನು ಹಿಡಿದಿಡುತ್ತದೆ. ಹಾಗಾಗಿ 9ಪಿ21ರಲ್ಲಿ ಒಂದು ತುಂಡು ಕಳೆದರೆ ಆರ್‌ಬಿ, ಪಿ53 ಎರಡರ ಕೆಲಸವೂ ಒಟ್ಟಿಗೆ ಸಡಿಲ. ರಿಪೋರ್ಟಿನಲ್ಲಿ ಟಿಪಿ53 ಸರಿ ಇದೆ ಅಂತ ಇದ್ದರೂ ಈ ಸಾಲನ್ನು ಬಿಡಬಾರದು ಅನ್ನುವುದು ಅದಕ್ಕೇ. ಟಿಸಿಜಿಎ ಲೆಕ್ಕದಲ್ಲಿ ಪಿ53 ಮತ್ತು ಕೋಶಚಕ್ರದ (ಕೋಶ ಒಡೆಯುವ ಕ್ರಮದ) ದಾರಿ ಯಾವುದೋ ಒಂದು ರೀತಿಯಲ್ಲಿ ಕೆಟ್ಟಿದ್ದು ಶೇ. 89 ಗಡ್ಡೆಗಳಲ್ಲಿ.

ಮೂತ್ರದಲ್ಲೇ ಇದನ್ನು ನೋಡುವ ಟೆಸ್ಟ್ ಇದೆ, ಯುರೋವೈಷನ್ ಫಿಶ್ ಅಂತ. ಮೂತ್ರದಲ್ಲಿ ಉದುರಿದ ಕೋಶಗಳನ್ನು ಸ್ಲೈಡಿಗೆ ಹಾಕಿ, ಹೊಳೆಯುವ ಬಣ್ಣ ಅಂಟಿಸಿ, ಕತ್ತಲು ಕೋಣೆಯಲ್ಲಿ ನೋಡಬೇಕು. ಮೂರನೇ ಕ್ರೋಮೋಸೋಮ್ ಕೆಂಪು, ಏಳನೆಯದು ಹಸಿರು, ಹದಿನೇಳನೆಯದು ತಿಳಿನೀಲಿ, 9ಪಿ21 ಚಿನ್ನದ ಬಣ್ಣ. ಸರಿಯಾದ ಕೋಶದಲ್ಲಿ ನಾಲ್ಕೂ ಬಣ್ಣದ ಎರಡೆರಡು ಚುಕ್ಕಿ. ಕ್ಯಾನ್ಸರ್ ಕೋಶದಲ್ಲಿ ಕೆಂಪು, ಹಸಿರು ಚುಕ್ಕಿಗಳು ಮೂರು, ನಾಲ್ಕು, ಐದು ಇರಬಹುದು. ಅಥವಾ ಚಿನ್ನದ ಚುಕ್ಕಿ ಒಂದೂ ಇರುವುದಿಲ್ಲ. 12 ಅಥವಾ ಜಾಸ್ತಿ ಕೋಶಗಳಲ್ಲಿ ಚಿನ್ನದ ಚುಕ್ಕಿ ಪೂರ್ತಿ ಕಾಣೆ ಆಗಿದ್ದರೆ ಪಾಸಿಟಿವ್ ಅಂತ ಬರೆಯುತ್ತೇವೆ. ಆ ಸಾಲು ಹೇಳುತ್ತಿರುವುದು ಸಿಡಿಕೆಎನ್2ಎಯ ಎರಡು ಪ್ರತಿಗಳೂ ಹೋಗಿವೆ ಅಂತ.

ಆರ್‌ಬಿ1. ಟಿಸಿಜಿಎಯಲ್ಲಿ ಶೇ. 17 ಗಡ್ಡೆಗಳಲ್ಲಿ ಇದು ಕೆಟ್ಟಿತ್ತು. ಟಿಪಿ53 ಜೊತೆ ಆರ್‌ಬಿ1 ಕೂಡ ಹೋಗಿದೆ ಅಂತ ಬಂದರೆ ಬಯಾಪ್ಸಿ ರಿಪೋರ್ಟನ್ನು ಮತ್ತೆ ತೆರೆದು, ಸ್ಮಾಲ್ ಸೆಲ್ ಅಥವಾ ನ್ಯೂರೋಎಂಡೋಕ್ರೈನ್ (ಬೇರೆ ಬಗೆಯ ಕ್ಯಾನ್ಸರ್) ಅನ್ನುವ ಮಾತು ಎಲ್ಲಾದರೂ ಇದೆಯಾ ನೋಡಿ. ಮೂತ್ರಕೋಶದ ಸ್ಮಾಲ್ ಸೆಲ್ ಕ್ಯಾನ್ಸರಿನಲ್ಲಿ ಈ ಎರಡೂ ಒಟ್ಟಿಗೆ ಕೆಟ್ಟಿರುವುದು ಬಹಳ ಸಾಮಾನ್ಯ. ಅದರ ಚಿಕಿತ್ಸೆಯೂ ಬೇರೆ. ಎರಡೂ ಕೆಟ್ಟ ಮಾತ್ರಕ್ಕೆ ಸ್ಮಾಲ್ ಸೆಲ್ ಅಂತಲ್ಲ. ಒಂದು ಸಲ ಕೇಳಿ ಖಾತ್ರಿ ಮಾಡಿಕೊಳ್ಳಿ ಅಂತ ಹೇಳುತ್ತಿದ್ದೇನೆ.

ಮಿಕ್ಕ ಹೆಸರುಗಳು: ಎಆರ್‌ಐಡಿ1ಎ, ಎಸ್‌ಟಿಎಜಿ2, ಟಿಎಸ್‌ಸಿ1, ಪಿಟೆನ್. ಎಲ್ಲವೂ ತಡೆ ಜೀನ್‌ಗಳೇ. ಕೆಡಿಎಂ6ಎ ಬಗ್ಗೆ ಮಾತ್ರ ಒಂದು ಮಾತು. ಇದು ಎಕ್ಸ್ ಕ್ರೋಮೋಸೋಮಿನಲ್ಲಿದೆ. ಹೆಂಗಸರಲ್ಲಿ ಇದರ ಎರಡು ಪ್ರತಿಗಳೂ ಕೆಲಸ ಮಾಡುತ್ತವೆ. ಗಂಡಸರಿಗೆ ಎಕ್ಸ್ ಒಂದೇ, ವೈ ಮೇಲಿರುವ ಜೊತೆಗಾರ ಜೀನ್ ದುರ್ಬಲ. ಮೂತ್ರಕೋಶದ ಕ್ಯಾನ್ಸರ್ ಗಂಡಸರಲ್ಲಿ ಮೂರು ನಾಲ್ಕು ಪಟ್ಟು ಜಾಸ್ತಿ. ಬೀಡಿ ಸಿಗರೇಟಿನ ಲೆಕ್ಕ ತೆಗೆದ ಮೇಲೂ ಉಳಿಯುವ ವ್ಯತ್ಯಾಸಕ್ಕೆ ಇದೂ ಒಂದು ಕಾರಣ ಇರಬಹುದು ಅಂತ ಸಂಶೋಧಕರು ನೋಡುತ್ತಿದ್ದಾರೆ.

ಒಂದು ಸಾಲನ್ನು ಬಿಡಿಸುವುದು

ಟಿಪಿ53, ಆರ್248ಕ್ಯೂ, ವಿಎಎಫ್ ಶೇ. 43 ಅಂತ ಇದೆ ಅಂದುಕೊಳ್ಳಿ. ಪಿ53 ಪ್ರೋಟೀನಿನಲ್ಲಿ 393 ಕೊಂಡಿಗಳಿವೆ. 248ನೇ ಜಾಗದಲ್ಲಿ ಆರ್ ಅನ್ನುವ ಅಮೈನೋ ಆಮ್ಲ ಹೋಗಿ ಕ್ಯೂ ಅನ್ನುವುದು ಬಂದಿದೆ ಅಂತ ಅರ್ಥ. ಆ ಜಾಗ ಡಿಎನ್‌ಎಯನ್ನು ಹಿಡಿಯುವ ಜಾಗ, ಹಾಗಾಗಿ ಕೆಲಸ ನಿಲ್ಲುತ್ತದೆ. ಅಕ್ಷರದ ಬದಲು ನಕ್ಷತ್ರ ಚಿಹ್ನೆ ಇದ್ದರೆ ಪ್ರೋಟೀನ್ ಅರ್ಧಕ್ಕೇ ತುಂಡಾಗಿದೆ. ಎಫ್‌ಎಸ್ ಇದ್ದರೆ ಅಲ್ಲಿಂದ ಮುಂದೆ ಎಲ್ಲ ತಪ್ಪು ಓದಾಗಿದೆ. ಡಿಲೀಷನ್ ಅಂದರೆ ತುಂಡೇ ಕಳೆದಿದೆ.

ವಿಎಎಫ್ ಅಂದರೆ ಓದಿದ ಪ್ರತಿಗಳಲ್ಲಿ ನೂರಕ್ಕೆ ಎಷ್ಟು ಕೆಟ್ಟಿದ್ದವು ಅನ್ನುವ ಲೆಕ್ಕ. ಇದು ಹೆಚ್ಚಿದ್ದರೆ ರೋಗ ಹೆಚ್ಚು ಅಂತಲ್ಲ. ಇದನ್ನು ಓದುವಾಗ ಪಕ್ಕದಲ್ಲಿ ಟ್ಯೂಮರ್ ಪರ್ಸೆಂಟೇಜ್ ನೋಡಬೇಕು. ಚೂರಿನಲ್ಲಿ ಶೇ. 60 ಗಡ್ಡೆಯ ಕೋಶ, ಮಿಕ್ಕದ್ದು ಸಾಮಾನ್ಯ ಕೋಶ ಇದ್ದು, ಜೀನಿನ ಒಂದೇ ಪ್ರತಿ ಕೆಟ್ಟಿದ್ದರೆ ವಿಎಎಫ್ ಸುಮಾರು 30 ಬರಬೇಕು. ಎರಡನೇ ಪ್ರತಿ ಪೂರ್ತಿ ಕಳೆದುಹೋಗಿದ್ದರೆ ಅದು ಸುಮಾರು 43ಕ್ಕೆ ಏರುತ್ತದೆ. ಅಂದರೆ ಈ ಒಂದು ಅಂಕಿಯಲ್ಲೇ ಎರಡನೇ ಚಿಲಕವೂ ಹೋಗಿರುವ ಸುಳಿವಿದೆ. ಗಡ್ಡೆಯ ಪಾಲು ಶೇ. 20ಕ್ಕಿಂತ ಕಡಿಮೆ ಅಂತ ಬರೆದಿದ್ದರೆ, ಏನೂ ಸಿಗಲಿಲ್ಲ ಅನ್ನುವ ಫಲಿತಾಂಶವನ್ನು ಪೂರ್ತಿ ನಂಬಬೇಡಿ. ಅದರಲ್ಲೂ ಡಿಲೀಷನ್ ಇಂಥ ಚೂರಿನಲ್ಲಿ ಕಣ್ಣು ತಪ್ಪಿಸಿಕೊಳ್ಳುತ್ತದೆ.

ವಿಯುಎಸ್ ಅಂತ ಒಂದು ಉದ್ದನೆ ಪಟ್ಟಿ ಇರುತ್ತದೆ. ಅರ್ಥ ಇನ್ನೂ ಗೊತ್ತಿಲ್ಲದ ಬದಲಾವಣೆಗಳು ಅವು. ರಾತ್ರಿಯೆಲ್ಲ ಕೂತು ಗೂಗಲ್‌ನಲ್ಲಿ ಒಂದೊಂದೇ ಹುಡುಕಬೇಡಿ. ಅವುಗಳ ಮೇಲೆ ಯಾವ ಡಾಕ್ಟರೂ ಚಿಕಿತ್ಸೆ ನಿರ್ಧರಿಸುವುದಿಲ್ಲ.

ಎಫ್‌ಜಿಎಫ್‌ಆರ್3 ತಡೆ ಜೀನ್ ಅಲ್ಲ, ಆದರೂ ನೋಡಿ

ಇದು ಕೋಶವನ್ನು ಬೆಳೆಯಲು ತಳ್ಳುವ ಜೀನ್. ಲೋ ಗ್ರೇಡ್ ಟಿಎ ಗಡ್ಡೆಗಳಲ್ಲಿ ಬಹುಪಾಲು ಇದೇ ಕೆಟ್ಟಿರುತ್ತದೆ, ಟಿಪಿ53 ಸಾಮಾನ್ಯವಾಗಿ ಸರಿ ಇರುತ್ತದೆ. ಇಂಥವು ಮತ್ತೆ ಮತ್ತೆ ಬರುತ್ತವೆ, ಸ್ನಾಯುವಿಗೆ ಇಳಿಯುವುದು ಕಡಿಮೆ. ಸಿಐಎಸ್ ದಾರಿಯಲ್ಲಿ ಬರುವ ಗಡ್ಡೆಗಳಲ್ಲಿ ಟಿಪಿ53, ಆರ್‌ಬಿ1 ಕಡೆಯ ಏಟು ಜಾಸ್ತಿ. ಎಫ್‌ಜಿಎಫ್‌ಆರ್3 ಕೆಟ್ಟ ಗಡ್ಡೆಯಲ್ಲಿ ಸಿಡಿಕೆಎನ್2ಎ ಕೂಡ ಹೋಗಿದ್ದರೆ, ಆಳಕ್ಕೆ ಇಳಿಯುವ ಭಯ ಹೆಚ್ಚು ಅಂತ ಅಧ್ಯಯನಗಳು ತೋರಿಸಿವೆ. ಹಾಗಾಗಿ ಈ ಎರಡು ಸಾಲುಗಳನ್ನು ಜೊತೆಯಲ್ಲಿ ಓದಿ.

ಔಷಧಿ ಇರುವುದೂ ಇದಕ್ಕೇ. ಎರ್ಡಾಫಿಟಿನಿಬ್ ಅನ್ನುವ ಮಾತ್ರೆಗೆ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರಲ್ಲಿ ಒಪ್ಪಿಗೆ ಕೊಟ್ಟಿತು. ಹರಡಿದ ರೋಗಕ್ಕೆ, ಮೊದಲಿನ ಚಿಕಿತ್ಸೆ ಕೆಲಸ ಮಾಡದೆ ಹೋದಾಗ.

ತಡೆ ಜೀನ್‌ಗಳಿಗೆ ಔಷಧಿ ಯಾಕಿಲ್ಲ ಅಂತ ಬಹಳ ಜನ ಕೇಳುತ್ತಾರೆ. ಜಾಸ್ತಿ ಓಡುತ್ತಿರುವ ಪ್ರೋಟೀನನ್ನು ಮಾತ್ರೆ ಹಿಡಿದು ನಿಲ್ಲಿಸಬಹುದು. ಇಲ್ಲದೇ ಹೋದದ್ದನ್ನು ಪ್ರತಿ ಕೋಶಕ್ಕೂ ವಾಪಸ್ ಹಾಕುವುದು ಬಹಳ ಕಷ್ಟ. 2022ರಲ್ಲಿ ಎಫ್‌ಡಿಎ ಒಪ್ಪಿದ ಮೂತ್ರಕೋಶದ ಜೀನ್ ಥೆರಪಿಯ ಸುದ್ದಿ ಓದಿರಬಹುದು. ಅದು ಒಳಗೆ ಇಂಟರ್‌ಫೆರಾನ್ ಅನ್ನುವ ರೋಗನಿರೋಧಕ ಪ್ರೋಟೀನ್ ತಯಾರಾಗುವಂತೆ ಮಾಡುತ್ತದೆ, ಟಿಪಿ53ಯನ್ನು ಸರಿ ಮಾಡುವುದಿಲ್ಲ. ಟಿಪಿ53 ರಿಪೇರಿ ಮಾಡುವ ಪುಡಿ, ಕಷಾಯ ಅಂತ ಯಾರಾದರೂ ವಾಟ್ಸಾಪಿನಲ್ಲಿ ಮಾರಿದರೆ ಒಂದು ರೂಪಾಯಿಯೂ ಕೊಡಬೇಡಿ.

ಮಕ್ಕಳಿಗೆ ಬರುತ್ತಾ?

ಹುಣಸೂರಿನ ಹುಡುಗನ ಎರಡನೇ ಪ್ರಶ್ನೆ. ಗಡ್ಡೆಯಲ್ಲಿ ಕಂಡ ಟಿಪಿ53 ಏಟು ಬಹುಪಾಲು ಆ ಗಡ್ಡೆಯಲ್ಲಿ ಮಾತ್ರ ಇರುತ್ತದೆ. ಅಪ್ಪನ ರಕ್ತದಲ್ಲಿಲ್ಲ, ಹುಟ್ಟುವಾಗ ಇರಲಿಲ್ಲ, ಮಕ್ಕಳಿಗೆ ದಾಟುವುದಿಲ್ಲ. ಆದರೆ ಗಡ್ಡೆಯನ್ನು ಮಾತ್ರ ಪರೀಕ್ಷೆ ಮಾಡಿದರೆ ಹುಟ್ಟಿನಿಂದ ಬಂದದ್ದನ್ನೂ ಆಮೇಲೆ ಆದದ್ದನ್ನೂ ಖಚಿತವಾಗಿ ಬೇರೆ ಮಾಡಲು ಆಗುವುದಿಲ್ಲ. ಅದಕ್ಕೆ ರಕ್ತದ ಟೆಸ್ಟ್ ಬೇಕು.

ಯಾರು ಮಾಡಿಸಬೇಕು? ಮನೆಯಲ್ಲಿ ದೊಡ್ಡ ಕರುಳಿನ ಅಥವಾ ಗರ್ಭಕೋಶದ ಕ್ಯಾನ್ಸರ್ ಇಬ್ಬರು ಮೂವರಿಗೆ ಬಂದಿದ್ದರೆ, ಚಿಕ್ಕ ವಯಸ್ಸಿನಲ್ಲೇ ಬಂದಿದ್ದರೆ, ಗಡ್ಡೆ ಮೂತ್ರಕೋಶಕ್ಕಿಂತ ಮೇಲೆ, ಕಿಡ್ನಿಯಿಂದ ಬರುವ ನಾಳದಲ್ಲಿದ್ದರೆ, ಲಿಂಚ್ ಸಿಂಡ್ರೋಮ್ ಇದೆಯಾ ಅಂತ ನೋಡಬೇಕು. ಇದರಲ್ಲಿ ಎಂಎಸ್‌ಎಚ್2ನಂಥ ಡಿಎನ್‌ಎ ರಿಪೇರಿ ಜೀನ್ ಹುಟ್ಟಿನಿಂದಲೇ ಕೆಟ್ಟಿರುತ್ತದೆ. ಬಾಲ್ಯದಲ್ಲಿ ರೆಟಿನೋಬ್ಲಾಸ್ಟೋಮಾ ಆಗಿ ಬದುಕಿದವರು ಇದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ಇವು ಯಾವುದೂ ಇಲ್ಲದಿದ್ದರೆ ಮಕ್ಕಳು ಮಾಡಬೇಕಾದದ್ದು ಬೀಡಿ ಸಿಗರೇಟು ಬಿಡುವುದು, ಮೂತ್ರದಲ್ಲಿ ಒಂದು ಸಲ ರಕ್ತ ಕಂಡರೂ, ನೋವೇ ಇಲ್ಲದಿದ್ದರೂ, ತೋರಿಸುವುದು. ಉಷ್ಣ ಅಂತ ಎಳನೀರು ಕುಡಿದು ಸುಮ್ನೆ ಕೂರಬೇಡಿ.

ಡಾಕ್ಟರನ್ನು ಏನು ಕೇಳಬೇಕು, ಲ್ಯಾಬಿನಿಂದ ಏನು ತರಬೇಕು

ಹುಡುಗನ ಮೊದಲ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಮೂತ್ರಕೋಶದೊಳಗೆ ಬಿಸಿಜಿ ಅನ್ನುವ ಔಷಧಿ ಹಾಕಬೇಕಾ, ಮೂತ್ರಕೋಶವನ್ನೇ ತೆಗೆಯಬೇಕಾ, ಮೊದಲು ಸಿಸ್‌ಪ್ಲಾಟಿನ್ ಅನ್ನುವ ಕೀಮೋ ಔಷಧಿ ಕೊಡಬೇಕಾ ಅನ್ನುವುದು ಈವತ್ತಿಗೂ ನಿರ್ಧಾರ ಆಗುವುದು ಗ್ರೇಡ್, ಆಳ, ಸ್ಕ್ಯಾನ್, ಕಿಡ್ನಿಯ ಸ್ಥಿತಿ ನೋಡಿ. ಟಿಪಿ53 ಕೆಟ್ಟಿದೆ ಅಂತ ಈ ಚಿಕಿತ್ಸೆ ಯಾವುದನ್ನೂ ನಿಲ್ಲಿಸುವುದಿಲ್ಲ. ಇಆರ್‌ಸಿಸಿ2, ಎಟಿಎಂ, ಆರ್‌ಬಿ1 ಕೆಟ್ಟ ಗಡ್ಡೆಗಳು ಸಿಸ್‌ಪ್ಲಾಟಿನ್‌ಗೆ ಚೆನ್ನಾಗಿ ಕರಗಿದ್ದನ್ನು ಕೆಲವು ಅಧ್ಯಯನಗಳಲ್ಲಿ ಕಂಡಿದ್ದಾರೆ. ತಡೆ ಹೋದ ಕೋಶಕ್ಕೆ ಏಟು ತಾಳಿಕೊಳ್ಳುವ ಶಕ್ತಿಯೂ ಕಡಿಮೆ ಆಗಿರಬಹುದು. ಇದನ್ನು ನಂಬಿ ಮೂತ್ರಕೋಶ ತೆಗೆಯುವುದನ್ನು ನೀವೇ ಮುಂದೂಡಬೇಡಿ. ಆದರೆ ಕೆಟ್ಟ ಜೀನ್ ಅಂದ ತಕ್ಷಣ ಎಲ್ಲ ಮುಗಿಯಿತು ಅನ್ನುವುದು ಎಷ್ಟು ತಪ್ಪು ಅಂತ ಇದರಿಂದ ಗೊತ್ತಾಗುತ್ತದೆ.

ಹಾಗಾಗಿ ಡಾಕ್ಟರ ಮುಂದೆ ಕೂತಾಗ ಹೀಗೆ ಕೇಳಿ. ಸ್ನಾಯು ಸರಿಯಾಗಿ ಸಿಕ್ಕಿತ್ತಾ, ಇಲ್ಲದಿದ್ದರೆ ಮತ್ತೆ ಯಾವಾಗ ಕೆರೆಯುತ್ತೀರಿ? ಈ ಜೀನ್ ಸಾಲುಗಳಲ್ಲಿ ಯಾವುದಾದರೂ ಈಗಿನ ಚಿಕಿತ್ಸೆಯನ್ನು ಬದಲಿಸುತ್ತದಾ? ಎಫ್‌ಜಿಎಫ್‌ಆರ್3 ನೋಡಿದ್ದೀರಾ? ಮುಂದಿನ ಸಿಸ್ಟೋಸ್ಕೋಪಿ (ದುರ್ಬೀನು ಹಾಕಿ ಮೂತ್ರಕೋಶ ನೋಡುವುದು) ಯಾವಾಗ? ಸ್ನಾಯುವಿಗೆ ಇಳಿಯದ ಗಡ್ಡೆಗಳಲ್ಲಿ ಮೊದಲನೆಯದು ಸಾಮಾನ್ಯವಾಗಿ ಮೂರು ತಿಂಗಳಿಗೆ. ಉತ್ತರ ಬರೆದುಕೊಳ್ಳಿ. ಆ ಹೊತ್ತಿನಲ್ಲಿ ತಲೆಯಲ್ಲಿ ಏನೂ ನಿಲ್ಲುವುದಿಲ್ಲ.

ಇನ್ನು ಲ್ಯಾಬಿನ ಮಾತು. ಚೂರು, ಅದು ಕೆಡದಂತೆ ಕಾಯುವ ಫಾರ್ಮಲಿನ್ ದ್ರವದಲ್ಲೇ ಬರಬೇಕು. ಒಂದು ನರ್ಸಿಂಗ್ ಹೋಮಿನಿಂದ ರಾತ್ರಿಯೆಲ್ಲ ಸಲೈನ್‌ನಲ್ಲಿ ನೆನೆದ ಚೂರು ಬಂದಿತ್ತು. ಕೋಶಗಳೆಲ್ಲ ಊದಿ, ನ್ಯೂಕ್ಲಿಯಸ್ ಗುರುತೇ ಸಿಗಲಿಲ್ಲ, ಪಾಪ ಆ ರೋಗಿಯನ್ನು ಮತ್ತೆ ಥಿಯೇಟರಿಗೆ ಕರೆದೊಯ್ಯಬೇಕಾಯಿತು. ಡಬ್ಬಿ ನಿಮ್ಮ ಕೈಯಲ್ಲೇ ಕೊಟ್ಟು ಲ್ಯಾಬಿಗೆ ಕಳಿಸಿದರೆ, ಇದರಲ್ಲಿ ಫಾರ್ಮಲಿನ್ ಇದೆಯಾ ಸಿಸ್ಟರ್ ಅಂತ ಅಲ್ಲೇ ಕೇಳಿಬಿಡಿ, ಅವತ್ತೇ ತಲುಪಿಸಿ.

ಪರೀಕ್ಷೆ ಮುಗಿದ ಮೇಲೆ ಚೂರು ಮೇಣದ ಬ್ಲಾಕ್ ಆಗಿ ನಮ್ಮ ಹತ್ತಿರ ಉಳಿಯುತ್ತದೆ. ಬೇರೆ ಊರಿಗೆ, ಬೆಂಗಳೂರಿನ ಕಿದ್ವಾಯಿಗೋ ಇನ್ನೆಲ್ಲಿಗೋ ಹೋಗುವುದಿದ್ದರೆ, ಒಂದು ಅರ್ಜಿ ಬರೆದುಕೊಟ್ಟು ಬ್ಲಾಕ್, ಸ್ಲೈಡ್ ಎರಡನ್ನೂ ಕೇಳಿ ಪಡೆಯಿರಿ. ಯಾವ ಬ್ಲಾಕಿನಲ್ಲಿ ಗಡ್ಡೆ ಹೆಚ್ಚಿದೆ ಅಂತ ನಂಬರ್ ಸಮೇತ ಬರೆಸಿಕೊಳ್ಳಿ, ಜೀನ್ ಟೆಸ್ಟಿಗೆ ಅದನ್ನೇ ಕಳಿಸಬೇಕು. ಬ್ಲಾಕನ್ನು ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಬಿಡಬೇಡಿ, ಮೇಣ ಕರಗುತ್ತದೆ. ವಾಪಸ್ ಬಂದ ಮೇಲೆ ಮತ್ತೆ ನಮಗೇ ತಂದುಕೊಡಿ. ಎರಡು ವರ್ಷ ಬಿಟ್ಟು ಹೊಸ ಔಷಧಿ ಬಂದು ಹೊಸ ಟೆಸ್ಟ್ ಬೇಕಾದರೆ ಅದೇ ಬ್ಲಾಕಿನಿಂದ ಮಾಡಬಹುದು.